ಅಜ್ಜನವರ ನೀಲಿ ಹೂದಾನಿ

ಬೋಗಾದಿಯ ನಮ್ಮ ಮನೆಯ ಪಡಸಾಲೆಯಲ್ಲಿ ನೀಲಿ ಗಾಜಿನ ಹೂದಾನಿಯೊಂದಿತ್ತು. ಮೈಸೂರಿನ ಅರಮನೆಯ ಕಲ್ಯಾಣಮಂಟಪಕ್ಕೆ ನವಿಲಿನ ಚಿತ್ರಗಳ ಗಾಜಿನ ಮೇಲ್ಛಾವಣಿಯನ್ನು ಒದಗಿಸಿದ ಗ್ಲಾಸ್ಗೋದವರೇ ಇದನ್ನೂ ತಯಾರಿಸಿದರೆಂದೂ, 1912ರಲ್ಲಿ ಅರಮನೆ ಪೂರ್ಣಗೊಂಡಾಗ ಅಲ್ಲಿ ದುಡಿದಿದ್ದ ನಮ್ಮ ಅಜ್ಜನವರಿಗೆ ಇದು ಉಡುಗೊರೆಯಾಗಿ ಬಂದಿತೆಂದೂ ತಂದೆಯವರು ಹೇಳುತ್ತಿದ್ದರು. ಅಧ್ಯಾಪಕನಾದ ಮೇಲೆ ನಾನೂ ಅದನ್ನೇ ಮೂವತ್ತು ವರ್ಷಗಳ ಕಾಲ ವಿದ್ಯಾರ್ಥಿಗಳಿಗೆ ಹೇಳಿಕೊಂಡು ಬಂದೆನು.

ನಿವೃತ್ತನಾದ ಬಳಿಕ ಹೂದಾನಿಯನ್ನು ಶಾಲೆಯ ವಸ್ತುಪ್ರದರ್ಶನಕ್ಕೆ ಒಪ್ಪಿಸಲು ಹೋದಾಗ, ಹಿಂದೆ ನನ್ನ ಶಿಷ್ಯರಾಗಿದ್ದು ಈಗ ಅಲ್ಲಿಯೇ ಅಧ್ಯಾಪಕರಾಗಿರುವವರೊಬ್ಬರು, “ಮೇಷ್ಟ್ರೇ, ಚೀಟಿಯಲ್ಲಿ ತಯಾರಕರು ಯಾರೆಂದು ಬರೆಯಲಿ?” ಎಂದು ಕೇಳಿದರು. ಬಾಯಲ್ಲಿ ಸಲೀಸಾಗಿ ಬರುತ್ತಿದ್ದ ಮಾತನ್ನು ಬರಹಕ್ಕಿಳಿಸಲು ಮನಸ್ಸು ಅಳುಕಿತು. ಇಬ್ಬರೂ ಕುಳಿತು ಪರೀಕ್ಷಿಸಿದೆವು.

ಗಾಜಿಗೆ ಈ ಗಾಢ ನೀಲಿಯನ್ನು ಕೊಡುವುದು ಕೋಬಾಲ್ಟ್. ಅದನ್ನು ಬಳಸಿದ ಕಾರ್ಖಾನೆಗಳು ಹಲವು ದೇಶಗಳಲ್ಲಿದ್ದುದರಿಂದ ಬಣ್ಣವೊಂದೇ ಸಾಕ್ಷಿಯಾಗದು. ಮೈಮೇಲೆ ಎರಡು ಸಣ್ಣ ಉಬ್ಬುಗೆರೆಗಳಿದ್ದವು. ಅವು ಅಚ್ಚಿನ ಭಾಗಗಳು ಕೂಡಿದ ಗುರುತು. ಅಚ್ಚಿಲ್ಲದೆ ಊದಿ ರೂಪಿಸಿದ ಪಾತ್ರೆಯ ತಳದಲ್ಲಿ, ಅದನ್ನು ಹಿಡಿದಿದ್ದ ಕಬ್ಬಿಣದ ಸರಳನ್ನು ಬಿಡಿಸಿದ ಕಲೆ ಅನೇಕ ವೇಳೆ ಉಳಿದಿರುತ್ತದೆ. ಇಲ್ಲಿ ಅದೂ ಇರಲಿಲ್ಲ. ತಳದ ಕೊಳೆಯನ್ನು ಒದ್ದೆಬಟ್ಟೆಯಿಂದ ಒರೆಸಿ ಓರೆಯಾಗಿ ಬೆಳಕಿಗೆ ಹಿಡಿದಾಗ, ಸವೆದ ಇಂಗ್ಲಿಷ್ ಅಕ್ಷರಗಳಲ್ಲಿ ‘ಚೆಕೊಸ್ಲೊವಾಕಿಯ’ ಎಂಬ ಮುದ್ರೆ ಕಂಡಿತು.

ಆ ದೇಶ ಹುಟ್ಟಿದ್ದೇ 1918ರಲ್ಲಿ. 1912ರ ಉಡುಗೊರೆಯ ಮೇಲೆ ಅದರ ಹೆಸರು ಇರಲಾರದು. ಮೇಲಾಗಿ, ಕಲ್ಯಾಣಮಂಟಪದ ಕಂಬಗಳನ್ನು ಎರಕ ಹೊಯ್ದ ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫರ್ಲೇನ್ ಸಂಸ್ಥೆ ಹೆಸರಾಗಿದ್ದುದು ಕಬ್ಬಿಣದ ಕೆಲಸಕ್ಕೆ, ಹೂದಾನಿಗಳಿಗಲ್ಲ. ಚೆಕೊಸ್ಲೊವಾಕಿಯದಲ್ಲಿ ಸೇರಿದ್ದ ಬೊಹೀಮಿಯ ಪ್ರಾಂತ್ಯವಾದರೋ ಶತಮಾನಗಳಿಂದ ಗಾಜಿಗೆ ಪ್ರಸಿದ್ಧವಾದುದು. ಅಲ್ಲಿನ ಕಾರ್ಖಾನೆಗಳು ಅನೇಕ. ದೇಶದ ಹೆಸರನ್ನು ಮಾತ್ರ ಹೊತ್ತು ಹೊರನಾಡಿಗೆ ಹೋದ ಸರಕೂ ಬಹಳ. ಹೀಗೆ ನಮ್ಮ ಹೂದಾನಿಯ ನಾಡು ತಿಳಿಯಿತು, ಕರ್ತೃ ತಿಳಿಯಲಿಲ್ಲ.

ಅಂದು ರಾತ್ರಿ ಅಜ್ಜನವರಿಗೆ ಅಪಚಾರವೆಸಗಿದೆನೋ ಎಂದು ನೊಂದೆನು. ಆದರೆ ಅವರು ಅರಮನೆಯಲ್ಲಿ ದುಡಿದುದು ನಿಜ. ಆ ಹಿರಿಮೆಗೆ ಹೂದಾನಿಯ ಆಸರೆ ಬೇಕಿಲ್ಲ. ಮರುದಿನ ಚೀಟಿಯನ್ನು ನಾನೇ ಬರೆದೆನು: “ನೀಲಿ ಗಾಜಿನ ಹೂದಾನಿ. ಚೆಕೊಸ್ಲೊವಾಕಿಯ. 1918ರ ಅನಂತರದ್ದು. ತಯಾರಕರು ತಿಳಿದಿಲ್ಲ.”

ನನ್ನಿಂದ ಹಳೆಯ ಕಥೆಯನ್ನು ಕೇಳಿದ್ದ ಶಿಷ್ಯರು ಈ ಸಂಪುಟವನ್ನು ಓದುವರೆಂದು ನಂಬಿದ್ದೇನೆ. ಅಂದಿನ ನನ್ನ ಪಾಠವನ್ನು ಅವರು ದಯವಿಟ್ಟು ತಿದ್ದಿಕೊಳ್ಳಬೇಕು.