ಸೆರೆಮನೆಯಿಂದ ರಣರಂಗಕ್ಕೆ

ವೀರರ ಚರಿತ್ರೆಯನ್ನು ಓದುವಾಗ ನಾವು ಸಾಮಾನ್ಯವಾಗಿ ಗೆಲವಿನ ಲೆಕ್ಕವನ್ನಷ್ಟೇ ಹಾಕುತ್ತೇವೆ. ಆದರೆ ಸೋವಿಯತ್ ದಂಡನಾಯಕ ರೊಕೊಸೊವ್ಸ್ಕಿಯ ಬಾಳನ್ನು ಓದಿದಾಗಲೆಲ್ಲ ನನ್ನ ಮನಸ್ಸು ಒಂದು ಪ್ರಶ್ನೆಯಲ್ಲಿ ತೊಡಕಿಕೊಳ್ಳುತ್ತದೆ: ತನ್ನನ್ನು ದ್ರೋಹಿಯೆಂದು ಹಳಿದ ಸರಕಾರಕ್ಕಾಗಿ ಮನುಷ್ಯನು ಪ್ರಾಣವನ್ನು ಪಣವಾಗಿ ಒಡ್ಡುವುದೆಂತು?

1937ರ ಆಗಸ್ಟ್ ತಿಂಗಳಲ್ಲಿ ಆತನ ಬಂಧನವಾಯಿತು. ಪೋಲೆಂಡ್ ಮತ್ತು ಜಪಾನುಗಳ ಗೂಢಚಾರನೆಂಬುದು ಆರೋಪ. ಚಿತ್ರಹಿಂಸೆಯಲ್ಲಿ ಹಲ್ಲುಗಳು ಉದುರಿದುವು. ಆದರೂ ತಪ್ಪೊಪ್ಪಿಗೆಯ ಪತ್ರಕ್ಕೆ ಆತ ರುಜು ಹಾಕಲಿಲ್ಲ. 1940ರ ಮಾರ್ಚಿಯಲ್ಲಿ ಬಿಡುಗಡೆಯಾಯಿತು. ಮರುವರ್ಷ ಜರ್ಮನರು ದಂಡೆತ್ತಿ ಬಂದಾಗ, 16ನೆಯ ಸೈನ್ಯದ ನಾಯಕನಾಗಿ ಮಾಸ್ಕೋ ನಗರದ ಹೆಬ್ಬಾಗಿಲನ್ನು ಕಾದವನು ಆತನೇ. 1943ರ ಜನವರಿ 31ರಂದು ಸ್ಟಾಲಿನ್‌ಗ್ರಾಡಿನಲ್ಲಿ ಫೀಲ್ಡ್ ಮಾರ್ಷಲ್ ಪೌಲುಸ್ ಸೆರೆಸಿಕ್ಕಿದ್ದು ಆತನ ಡಾನ್ ರಂಗದ ಪಡೆಗಳಿಗೆ.

ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 1944ರ ಮೇ ತಿಂಗಳ ಒಂದು ಸಭೆ. ಬೆಲೊರಷ್ಯದ ಯುದ್ಧಕ್ಕೆ ಹಂಚಿಕೆ ನಡೆದಿತ್ತು. ಬೊಬ್ರುಯಿಸ್ಕ್ ಪಟ್ಟಣದ ಬಳಿ ಜೌಗುನೆಲ. ಒಂದೇ ದಾರಿಯಲ್ಲಿ ಎಲ್ಲ ಪಡೆಗಳೂ ಬಿಚ್ಚಿಕೊಳ್ಳಲಾರವು, ಎರಡು ಕಡೆಯಿಂದ ಹೊಡೆಯಬೇಕು ಎಂದು ಆತನ ವಾದ. “ಪಕ್ಕದ ಕೋಣೆಗೆ ಹೋಗಿ ಯೋಚಿಸಿ ಬಾ” ಎಂಬರ್ಥದಲ್ಲಿ ಸ್ಟಾಲಿನ್ ಎರಡು ಬಾರಿ ಹೊರಗೆ ಕಳುಹಿಸಿದನಂತೆ. ಎರಡು ಬಾರಿಯೂ ಆತ ಅದೇ ಉತ್ತರವನ್ನು ತಂದ. ಕೊನೆಗೆ ಸ್ಟಾಲಿನ್ ಒಪ್ಪಿದ. ಜೂನ್ 29ರಂದು ಬೊಬ್ರುಯಿಸ್ಕ್ ಕೈವಶವಾಯಿತು. ಅದೇ ದಿನ ಆತನಿಗೆ ಮಾರ್ಷಲ್ ಪದವಿ ದೊರೆಯಿತು. ಸೆರೆಮನೆಯಲ್ಲಿ ರುಜು ಹಾಕದ ಕೈ, ಸಭೆಯಲ್ಲಿ ಮಾತು ಬದಲಿಸದ ನಾಲಗೆ—ಎರಡರ ಬೇರೂ ಒಂದೇ ಅಲ್ಲವೆ?

ಹಳಗನ್ನಡ ಕಾವ್ಯದಲ್ಲಿ ‘ಜೋಳದ ಪಾಳಿ’ ಎಂಬ ಮಾತುಂಟು. ಉಂಡ ಅನ್ನದ ಋಣಕ್ಕೆ ಪ್ರಾಣ ತೆರುವ ಧರ್ಮವದು. ಇಲ್ಲಿ ಒಡೆಯನು ಉಣಿಸಿದ್ದು ಸೆರೆಯ ಕೂಳು. ಆದುದರಿಂದ ಆತ ತೀರಿಸಿದ ಋಣ ನೆಲದ್ದು, ಅದರ ಮೇಲೆ ಸಾಯುತ್ತಿದ್ದ ಸೈನಿಕರದ್ದು ಎಂದೇ ನನ್ನ ಭಾವನೆ.

1945ರ ಜೂನ್ 24ರಂದು ಮಾಸ್ಕೋವಿನ ವಿಜಯೋತ್ಸವದಲ್ಲಿ ಕರಿಗುದುರೆಯೇರಿ ಆತ ಪಥಸಂಚಲನದ ನಾಯಕತ್ವ ವಹಿಸಿದ. 1968ರಲ್ಲಿ ತೀರಿಕೊಂಡ. ‘ಸೈನಿಕನ ಕರ್ತವ್ಯ’ ಎಂಬ ಆತನ ಸ್ಮೃತಿಗ್ರಂಥ 1940ರ ವಸಂತದಿಂದ ಮೊದಲಾಗುತ್ತದೆ. ಅದಕ್ಕೆ ಹಿಂದಿನ ಎರಡೂವರೆ ವರ್ಷಗಳ ಸೆರೆವಾಸದ ಕಥನ ಅಲ್ಲಿಲ್ಲ. ಆಡಗೊಡದ ಕಾಲವೋ, ಆಡಲೊಲ್ಲದ ಮನವೋ! ಓದುಗರೇ, ಆ ಗ್ರಂಥದಲ್ಲಿ ನನ್ನನ್ನು ಹೆಚ್ಚಾಗಿ ಕಾಡುವುದು ಬರೆಯದೆ ಉಳಿದ ಆ ಪುಟಗಳೇ.