ಮಾವನವರ ಕ್ಯಾಮೆರಾ

ನಮ್ಮ ಮಾವನವರು ನಿವೃತ್ತರಾಗಿ ಎಷ್ಟೋ ವರ್ಷಗಳಾದ ಮೇಲೆ, 2012ರಲ್ಲಿ, ಒಂದು ಡಿಜಿಟಲ್ ಕ್ಯಾಮೆರಾ ಕೊಂಡರು. "ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ?" ಎಂದು ಅತ್ತೆ ಗೊಣಗಿದ್ದೂ ಉಂಟು. ಆದರೆ ಹಬ್ಬ ಹುಣ್ಣಿಮೆ, ಹಿತ್ತಲಿನ ದಾಸವಾಳ, ಕಡೆಗೆ ನಾನು ಹಾಕಿದ ರಂಗೋಲಿ, ಎಲ್ಲವೂ ಅದರೊಳಗೆ ಸೇರಿದವು. 2019ರಲ್ಲಿ ಅವರು ತೀರಿಕೊಂಡರು. ಕ್ಯಾಮೆರಾ ಚರ್ಮದ ಚೀಲದ ಸಮೇತ ಬೀರು ಸೇರಿತು.

ಮೊನ್ನೆ ಅತ್ತೆಗೆ 80 ತುಂಬಿತು. ಫೋಟೋ ತೆಗೆಯೋಣವೆಂದರೆ, "ಮೊಬೈಲು ಬೇಡ, ಅವರ ಕ್ಯಾಮೆರಾದಲ್ಲೇ ತೆಗೀರಿ" ಎಂದು ಹಠ ಹಿಡಿದರು. ಬ್ಯಾಟರಿ ಚಾರ್ಜ್ ಮಾಡಿ ಹಾಕಿದ್ದಾಯಿತು. ಆದರೆ ಮೇಲಿರುವ ಗುಂಡು ಡಯಲ್ ಕೈಕೊಟ್ಟಿತ್ತು. ಅದನ್ನು ಆಟೋಗೆ ಇಟ್ಟರೆ ಪರದೆಯ ಮೇಲೆ ಒಮ್ಮೆ ಬೆಟ್ಟದ ಗುರುತು, ಒಮ್ಮೆ ವಿಡಿಯೋ ಗುರುತು! ಗುಂಡಿ ಒತ್ತುವಷ್ಟರಲ್ಲಿ ಮತ್ತೊಂದಕ್ಕೆ ಹಾರಿಬಿಡುತ್ತಿತ್ತು.

ಪೇಟೆಯ ರಿಪೇರಿಯವನು, "ಇದರ ಪಾರ್ಟ್ ಈಗ ಬರೋಲ್ಲಮ್ಮಾ, ಹೊಸದು ತಗೊಳ್ಳಿ" ಎಂದ. ನಮ್ಮವರೂ "ಗುಜರಿಗೆ ಹಾಕಿದರಾಯಿತು ಬಿಡೇ" ಎಂದರು. ಅತ್ತೆ ಮಾತಾಡಲಿಲ್ಲ. ಆ ರಾತ್ರಿ ಊಟವನ್ನೂ ಸರಿಯಾಗಿ ಮಾಡಲಿಲ್ಲ. ನನಗೂ ನಿದ್ದೆ ಬರಲಿಲ್ಲ.

ಹಾಗೇ ಮಲಗಿದ್ದಾಗ ತವರುಮನೆಯ ರೇಡಿಯೋ ನೆನಪಾಯಿತು. ಅದರ ವಾಲ್ಯೂಮ್ ಗುಂಡಿ ಕರಕರ ಎನ್ನತೊಡಗಿದರೆ ಅಪ್ಪ ಹತ್ತಾರು ಸಲ ಅತ್ತಿತ್ತ ತಿರುಗಿಸುತ್ತಿದ್ದರು. ಸದ್ದು ನಿಲ್ಲುತ್ತಿತ್ತು. ಇದೂ ಹಾಗೇ ಇರಬಹುದಲ್ಲ?

ಬೆಳಿಗ್ಗೆ ತಿಂಡಿ ಕೆಲಸ ಮುಗಿಸಿ ಕೂತೆ. ಮೊದಲು ಮೆನುವಿನಲ್ಲಿ ಎಲ್ಲವನ್ನೂ ರೀಸೆಟ್ ಮಾಡಿದೆ. ಪ್ರಯೋಜನವಾಗಲಿಲ್ಲ. ಡಯಲನ್ನು ಬೆರಳಿನಿಂದ ಮೆಲ್ಲಗೆ ಅದುಮಿದರೆ ಗುರುತು ಬದಲಾಗುತ್ತಿತ್ತು. ಅಂದಮೇಲೆ ದೋಷ ಇರುವುದು ಡಯಲಿನ ಅಡಿಯಲ್ಲೇ. ಅಲ್ಲಿ ಪುಟ್ಟ ಲೋಹದ ತಗಡು ಪಟ್ಟಿಯ ಮೇಲೆ ಸವರಿಕೊಂಡು ತಿರುಗುತ್ತದೆ. ವರ್ಷಗಟ್ಟಲೆ ಮುಟ್ಟದೆ ಇಟ್ಟರೆ ತೇವಕ್ಕೆ, ದೂಳಿಗೆ ಅಲ್ಲಿ ಕಿಲುಬು ಕಟ್ಟುತ್ತದೆ, ನಮ್ಮ ಹಿತ್ತಾಳೆ ದೀಪದ ಹಾಗೆ.

ಬ್ಯಾಟರಿ ತೆಗೆದಿಟ್ಟೆ. ಮಾವನವರ ಚೀಲದಲ್ಲೇ ಇದ್ದ ರಬ್ಬರ್ ಪಂಪಿನಿಂದ ಡಯಲಿನ ಸುತ್ತ ಗಾಳಿ ಊದಿದೆ. ಬಾಯಿಂದ ಊದಿದರೆ ಎಂಜಲಿನ ತೇವ ಒಳಗೆ ಹೋಗುತ್ತದೆ. ಪಕ್ಕದ ಮನೆಯಾಕೆ, "ಒಂದು ಹನಿ ಕೊಬ್ಬರಿ ಎಣ್ಣೆ ಬಿಡ್ರೀ" ಎಂದರು. ಬಾಗಿಲ ತಿರುಗಣಿಗೆ ಸರಿ, ಇದಕ್ಕೆ ಬಿಟ್ಟರೆ ದೂಳು ಇನ್ನಷ್ಟು ಅಂಟುತ್ತದೆ ಎಂದೆ. ಅತ್ತೆ ದೇವರ ಮುಂದೆ ವಿಷ್ಣು ಸಹಸ್ರನಾಮ ಶುರು ಮಾಡಿದರು. ಅದು ಮುಗಿಯುವ ತನಕ ನಾನು ಡಯಲನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತಲೇ ಇದ್ದೆ.

ಬ್ಯಾಟರಿ ಹಾಕಿದೆ. ಆಟೋ ಆಟೋದಲ್ಲೇ ನಿಂತಿತು! ಪೂರ್ತಿ ವಾಸಿಯಾಗಿದೆ ಎನ್ನಲಾರೆ, ಈಗಲೂ ಆಗೊಮ್ಮೆ ಈಗೊಮ್ಮೆ ಹಾರುತ್ತದೆ. ಮತ್ತೆ ನಾಲ್ಕು ಸುತ್ತು ತಿರುಗಿಸಿದರೆ ದಾರಿಗೆ ಬರುತ್ತದೆ.

ನಿಮ್ಮ ಮನೆಯಲ್ಲೂ ಇಂಥದ್ದಿದ್ದರೆ ಇಷ್ಟು ಮಾಡಿ ನೋಡಿ. ಆದರೆ ಸ್ಕ್ರೂ ಬಿಚ್ಚಲು ಮಾತ್ರ ಹೋಗಬೇಡಿ. ಬ್ಯಾಟರಿ ತೆಗೆದ ಮೇಲೂ ಫ್ಲ್ಯಾಷಿನ ಭಾಗದಲ್ಲಿ ಕರೆಂಟು ಉಳಿದಿರುತ್ತದೆ, ಶಾಕ್ ಹೊಡೆಯುತ್ತದೆ. ಎತ್ತಿಡುವಾಗ ಬ್ಯಾಟರಿ ತೆಗೆದು, ಚರ್ಮದ ಚೀಲದ ಬದಲು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಅಕ್ಕಿ ಡಬ್ಬಿ ಬೇಡ, ಅಕ್ಕಿಯ ಹುಡಿ ಒಳಗೆ ಸೇರುತ್ತದೆ. ತಿಂಗಳಿಗೊಮ್ಮೆ ಹೊರತೆಗೆದು ಡಯಲ್ ತಿರುಗಿಸಿ.

ಸಂಜೆ ಅತ್ತೆ ರೇಷ್ಮೆ ಸೀರೆ ಉಟ್ಟು ತುಳಸಿಕಟ್ಟೆಯ ಪಕ್ಕ ಕೂತರು. ನಮ್ಮವರು ಫೋಟೋ ತೆಗೆದು ತೋರಿಸಿದರು. ಅತ್ತೆ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

"ಅವರು ತೆಗೆದ ಹಾಗೇ ಬಂದಿದೆ ಕಣೇ, ನನ್ನ ಕಣ್ಣು ಮುಚ್ಚಿಹೋಗಿದೆ" ಎಂದು ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.