ಜೇಬಿನ ಚಾಕು

ನಮ್ಮ ಶಾಲೆಯ ಮೇಜಿನ ಡ್ರಾಯರಿನಲ್ಲಿ ಮೂರು ಮಡಿಸುವ ಚಾಕುಗಳಿವೆ. ಉಪಾಧ್ಯಾಯನಾದವನಿಗೆ ಮೂರು ಚಾಕುಗಳೇಕೆಂದು ವಾಚಕರು ಸಂಶಯಪಟ್ಟಾರು. ಸಿ. ಬೆಳಗಲ್ಲಿನ ನಮ್ಮ ಮಕ್ಕಳು ಪೆನ್ಸಿಲು ಚೂಪು ಮಾಡಲು ಕ್ಷೌರದ ಬ್ಲೇಡನ್ನು ಎರಡಾಗಿ ಮುರಿದು ತರುತ್ತಾರೆ. ಅದನ್ನು ಕಸಿದುಕೊಳ್ಳುವುದು ನಮ್ಮ ದಿನಚರಿಯ ಮೊದಲ ಕರ್ತವ್ಯ. ಅಂಗಡಿಯ ಮೆಂಡರು ಎರಡು ವಾರಗಳಲ್ಲಿ ಮೊಂಡಾಗುತ್ತದೆ, ಇಲ್ಲವೆ ಕಳೆದುಹೋಗುತ್ತದೆ, ಎರಡನೆಯದೇ ಹೆಚ್ಚು. ಬ್ಲೇಡು ಕಸಿದುಕೊಂಡವರು ಬದಲಿಯೊಂದನ್ನು ಒದಗಿಸುವುದು ನ್ಯಾಯವಷ್ಟೆ. ಆದ್ದರಿಂದ ಎಮ್ಮಿಗನೂರಿನ ಜಾತ್ರೆಯಲ್ಲಿ ನಲವತ್ತು ರೂಪಾಯಿ ಕೊಟ್ಟು ಚಾಕುವೊಂದನ್ನು ಕೊಂಡೆವು. ಕನ್ನಡಿಯಂತೆ ಹೊಳೆಯುವ ಅಲಗು, ಅದರ ಮೇಲೆ ‘ಸ್ಟೇನ್‌ಲೆಸ್’ ಎಂಬ ಮುದ್ರೆ. ಮನೆಯಲ್ಲಿ ತಂದೆಯವರ ಕಾಲದ ಚಾಕುವೊಂದು ಬಿದ್ದಿತ್ತು. ಅದು ಕಪ್ಪಾಗಿದೆಯೆಂಬ ಒಂದೇ ಕಾರಣಕ್ಕೆ ಅದನ್ನು ಶಾಲೆಗೆ ತರಲು ನಮಗೆ ಸಂಕೋಚವಾಗಿತ್ತು.

ಹೊಸ ಚಾಕು ಮೊದಲ ದಿನ ಚೆನ್ನಾಗಿಯೇ ಕೊಯ್ದಿತು. ಹತ್ತು ಪೆನ್ಸಿಲುಗಳಾದ ಮೇಲೆ ಮರವನ್ನು ಕೊಯ್ಯುವ ಬದಲು ಉಜ್ಜತೊಡಗಿತು. ವಾರ ಕಳೆಯುವಷ್ಟರಲ್ಲಿ ಹೆಬ್ಬೆರಳನ್ನು ಅಲಗಿನ ಬೆನ್ನಿಗೆ ಕೊಟ್ಟು ಬಲವಾಗಿ ಒತ್ತಬೇಕಾಯಿತು. ಆ ಶುಕ್ರವಾರ ನಾವು ಹಾಜರಿ ಬರೆಯುತ್ತಿದ್ದಾಗ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಕೇಳಿಯೇ ಚಾಕುವನ್ನು ತೆಗೆದುಕೊಂಡಳು. ಕೊಡಬಾರದಿತ್ತು, ಕೊಟ್ಟೆವು. ನಾವು ಒತ್ತುವುದನ್ನು ನೋಡಿದ್ದವಳು ತಾನೂ ಒತ್ತಿದಳು. ಅಲಗು ಜಾರಿತು, ಕೀಲಿನಲ್ಲಿ ತಡೆಯೆಂಬುದು ಇಲ್ಲವಾದ್ದರಿಂದ ತಟಕ್ಕನೆ ಮಡಿಚಿಕೊಂಡಿತು, ನಡುವೆ ಅವಳ ತೋರುಬೆರಳು ಸಿಕ್ಕಿತು. ಆಸ್ಪತ್ರೆಗೆ ಕರೆದೊಯ್ದು ಎರಡು ಹೊಲಿಗೆ ಹಾಕಿಸಿ, ಧನುರ್ವಾಯುವಿನ ಸೂಜಿಮದ್ದು ಕೊಡಿಸಿ ಮನೆಗೆ ಬಿಟ್ಟು ಬಂದೆವು. ಮರುದಿನ ಅವಳ ಅಜ್ಜಿ ಶಾಲೆಗೆ ಬಂದರು. ಜಗಳವಾಡಲಿಲ್ಲ. “ಅಯ್ಯವಾರೇ, ಬ್ಲೇಡಾಗಿದ್ದರೆ ಇಷ್ಟು ಆಳ ಕೊಯ್ಯುತ್ತಿರಲಿಲ್ಲ” ಎಂದಷ್ಟೇ ಹೇಳಿ ಹೋದರು.

ಆ ಮಾತು ನಮ್ಮನ್ನು ಕಮ್ಮಾರರ ಕುಲುಮೆಗೆ ಅಟ್ಟಿತು. ದಾರಿಯಲ್ಲಿ ಮನೆಗೆ ಹೋಗಿ ತಂದೆಯವರ ಚಾಕುವನ್ನೂ, ಶಾಲೆಯ ವಿಜ್ಞಾನದ ಪೆಟ್ಟಿಗೆಯಿಂದ ಅಯಸ್ಕಾಂತವನ್ನೂ ತೆಗೆದುಕೊಂಡಿದ್ದೆವು. ಮೂರನೆಯ ಚಾಕು, ಕರ್ನೂಲಿನಿಂದ ಗೆಳೆಯರು ತಂದುಕೊಟ್ಟ ನೂರಿಪ್ಪತ್ತು ರೂಪಾಯಿಯದು, ಜೇಬಿನಲ್ಲಿಯೇ ಇತ್ತು.

ಜಾತ್ರೆಯ ಚಾಕುವಿನ ಅಲಗಿಗೆ ಅಯಸ್ಕಾಂತ ಅಂಟಲೇ ಇಲ್ಲ. ತಾತ ಅದರ ಬುಡಕ್ಕೆ ಅರದ ಮೂಲೆಯನ್ನು ಎಳೆದರು; ಬೆಲ್ಲವನ್ನು ಕೆರೆದಂತೆ ಪುಡಿ ಉದುರಿತು. “ಇದು ಚಾಕಲ್ಲ ಅಯ್ಯವಾರೇ, ಊಟದ ತಟ್ಟೆ. ತಟ್ಟೆಗೆ ಎಷ್ಟು ಸಾಣೆ ಹಿಡಿದರೇನು?” ಎಂದರು. ಪಾತ್ರೆಗಳಿಗೆ ಬಳಸುವ ಈ ಜಾತಿಯ ಉಕ್ಕು ತುಕ್ಕು ಹಿಡಿಯದು, ನಿಜ. ಆದರೆ ಎಷ್ಟು ಕಾಯಿಸಿ ಎಷ್ಟು ತಣಿಸಿದರೂ ಗಟ್ಟಿಯಾಗದು. ಕರ್ನೂಲಿನ ಚಾಕುವಿಗೆ ಅಯಸ್ಕಾಂತ ಅಂಟಿತು. ಅರ ಒಲ್ಲದ ಮನಸ್ಸಿನಿಂದ ಕಚ್ಚಿತು. ಅದರ ಮೇಲೆ ‘3 ಸಿಆರ್ 13’ ಎಂದು ಕೊರೆದಿತ್ತು. ನಾವು ಅದನ್ನು ಲೆಕ್ಕದ ಸಂಖ್ಯೆಯೆಂದೇ ಭಾವಿಸಿದ್ದೆವು. ಅದು ಚೀನೀಯರು ಉಕ್ಕಿಗಿಟ್ಟ ಹೆಸರು: ಇಂಗಾಲ ಸುಮಾರು ಶೇಕಡಾ 0.3, ಕ್ರೋಮಿಯಂ ಸುಮಾರು ಶೇಕಡಾ 13. ಇಂಗಾಲ ಗಟ್ಟಿತನವನ್ನು ಕೊಡುತ್ತದೆ, ಕ್ರೋಮಿಯಂ ತುಕ್ಕನ್ನು ತಡೆಯುತ್ತದೆ. ತಂದೆಯವರ ಚಾಕುವಿನ ಮೇಲೆ ಅರ ಗಾಜಿನ ಮೇಲೆ ಜಾರಿದಂತೆ ಜಾರಿತು. ಸಾಣೆಯ ಚಕ್ರಕ್ಕೆ ಹಿಡಿದಾಗ ಉದ್ದನೆಯ ಕಿಡಿಗಳು ಹಾರಿ, ತುದಿಯಲ್ಲಿ ಸುರುಸುರುಬತ್ತಿಯಂತೆ ನಕ್ಷತ್ರಗಳಾಗಿ ಸಿಡಿದವು. ಇಂಗಾಲ ಹೆಚ್ಚಿದ್ದಷ್ಟೂ ಈ ನಕ್ಷತ್ರಗಳು ಹೆಚ್ಚು. ಉಳಿದೆರಡರಿಂದ ಗಿಡ್ಡನೆಯ ಮಂಕು ಕಿಡಿಗಳು ಮಾತ್ರ ಬಂದವು.

ತಾತ ಕೀಲನ್ನು ತಿರುಗಿಸಿ ನೋಡಿ, “ಇದು ನನ್ನ ಕೈಯದೇ. ಲಾರಿಯ ಕಮಾನುಪಟ್ಟಿ” ಎಂದರು. ಆಗಲೇ ಹದದ ಮಾತು ಬಂದಿತು. ಅಲಗನ್ನು ಅಯಸ್ಕಾಂತ ಅಂಟದಷ್ಟು ಕೆಂಪಗೆ, ಎಂದರೆ ಸುಮಾರು 800 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಅದು ಗಟ್ಟಿಯಾಗುತ್ತದೆ. ಆದರೆ ಕೈತಪ್ಪಿ ಬಿದ್ದರೆ ಮುರಿಯುವಷ್ಟು ಪೆಡಸು. ಆದುದರಿಂದ ಉಜ್ಜಿ ಬಿಳುಪು ಮಾಡಿ ಮತ್ತೆ ಮೆಲ್ಲಗೆ ಕಾಯಿಸಬೇಕು. ಮೊದಲು ಒಣಹುಲ್ಲಿನ ಹಳದಿ, ಅನಂತರ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ ಅಲಗಿನ ಮೇಲೆ ಹರಿದು ಬರುತ್ತದೆ. ಹಳದಿಯಲ್ಲಿಯೇ ನಿಲ್ಲಿಸಿದರೆ ಪೆನ್ಸಿಲು ಕೊಯ್ಯುವ ಚಾಕು. ನೀಲಿಯವರೆಗೆ ಬಿಟ್ಟರೆ ಬಾಗಬಲ್ಲ ಸ್ಪ್ರಿಂಗು. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಕೆಡುತ್ತದೆಯಂತೆ. ಕ್ರೋಮಿಯಂ ಬೆರೆತ ಉಕ್ಕಿಗಾದರೋ ಸುಮಾರು 1000 ಡಿಗ್ರಿ ಬೇಕು. ಅಗ್ಗದ ಕಾರ್ಖಾನೆ ಅಲ್ಲಿ ಅವಸರಿಸಿದರೆ ಒಳ್ಳೆಯ ಉಕ್ಕೂ ಹಾಳು. ಮುದ್ರೆ ಉಕ್ಕಿನ ಜಾತಿಯನ್ನು ಹೇಳಬಹುದೇ ಹೊರತು ಅದು ಕಂಡ ಬೆಂಕಿಯನ್ನು ಹೇಳಲಾರದು.

ಈ ಸಂಗತಿಗಳನ್ನು ತರಗತಿಯಲ್ಲಿ ವಿವರಿಸುತ್ತಿದ್ದಾಗ ಹುಡುಗನೊಬ್ಬನು, “ಸಾರ್, ಉಕ್ಕು ಅನ್ನೋದು ಕನ್ನಡವೋ ತೆಲುಗೋ?” ಎಂದು ಕೇಳಿದನು. ಗಡಿಯ ಶಾಲೆಯಲ್ಲಿ ಇಂತಹ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಎರಡೂ ಹೌದು. ಆ ಪದವೇ ಇಂಗ್ಲಿಷರ ಬಾಯಲ್ಲಿ ‘ವೂಟ್ಸ್’ ಆಯಿತೆಂದು ಅನೇಕ ವಿದ್ವಾಂಸರ ಮತ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕನನ್, ಕಬ್ಬಿಣದ ತುಂಡುಗಳನ್ನು ಆವರಿಕೆಯ, ಎಂದರೆ ನಮ್ಮ ಕಡೆಯ ತಂಗಡಿಯ, ಕಡ್ಡಿಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು ಕಾಯಿಸಿ ಉಕ್ಕು ಮಾಡುತ್ತಿದ್ದುದನ್ನು ವರ್ಣಿಸಿದ್ದಾನೆ. ಆ ಕಡ್ಡಿಯ ಇಂಗಾಲವೇ ಕಬ್ಬಿಣವನ್ನು ಉಕ್ಕಾಗಿಸುತ್ತಿತ್ತು. ಅದಕ್ಕೂ ಮುನ್ನ, 1795ರಲ್ಲಿ ಪಿಯರ್ಸನ್ ಎಂಬಾತ ಲಂಡನ್ನಿನ ರಾಯಲ್ ಸೊಸೈಟಿಗೆ ಒಪ್ಪಿಸಿದ ವೂಟ್ಸ್ ಕುರಿತ ಲೇಖನದಲ್ಲಿ, ಸ್ಟೋಡಾರ್ಟ್ ಎಂಬ ಕುಶಲಕರ್ಮಿ ಅದರಿಂದ ಮಾಡಿದ ವಸ್ತುವಿನ ಮಾತು ಬರುತ್ತದೆ. ಕತ್ತಿಯಲ್ಲ, ಗರಿಲೇಖನಿಯನ್ನು ಹೆರೆಯುವ ಪುಟ್ಟ ಚಾಕು! ಆತನೇ ಮುಂದೆ ಫ್ಯಾರಡೆಯೊಡನೆ ಕೂಡಿ ಉಕ್ಕಿಗೆ ಬೇರೆ ಲೋಹಗಳನ್ನು ಬೆರೆಸಿ ಪ್ರಯೋಗ ಮಾಡಿದನು. 1913ರಲ್ಲಿ ಷೆಫೀಲ್ಡಿನ ಬ್ರಿಯರ್ಲಿ ಸುಮಾರು ಶೇಕಡಾ 13 ಕ್ರೋಮಿಯಂ ಬೆರೆಸಿ ತುಕ್ಕು ಹಿಡಿಯದ ಉಕ್ಕನ್ನು ತಂದಾಗ, ‘ಕೊಯ್ಯದ ಚಾಕುಗಳನ್ನು ಕಂಡುಹಿಡಿದವನು’ ಎಂದು ಆತನನ್ನು ಅಣಕಿಸಿದರಂತೆ. ಎಮ್ಮಿಗನೂರಿನಲ್ಲಿ ನಾವು ಕೊಂಡದ್ದನ್ನು ಆ ಮಹನೀಯರು ನೋಡಬೇಕಿತ್ತು.

ಹಾಗೆಂದು ಹೊಳೆಯುವುದೆಲ್ಲ ಹುಸಿಯೆಂದು ನಾವು ಹೇಳೆವು. ನಿಂಬೆಹಣ್ಣಿಗೂ ಮಾವಿನಕಾಯಿಗೂ ಕರ್ನೂಲಿನ ಚಾಕುವೇ ಲೇಸು. ಬೇಗ ಮೊಂಡಾದರೂ ಕಲ್ಲಿಗೆ ನಾಲ್ಕು ಬಾರಿ ಎಳೆದರೆ ಮತ್ತೆ ಹರಿತ. ತಂದೆಯವರದಕ್ಕೆ ಹುಳಿ ತಾಕಿದರೆ ಕಪ್ಪು, ಒರಸದೆ ಬಿಟ್ಟರೆ ತುಕ್ಕು. ಕಡಮೆ ಬೆಲೆಗೆ ಕೊಳ್ಳುವವರು ಅಂಗಡಿಯಲ್ಲಿ ನಾಚದೆ ಅಯಸ್ಕಾಂತ ಹಿಡಿದು ನೋಡಲಿ, ಕೀಲು ಅಲ್ಲಾಡುತ್ತದೆಯೇ, ಬಿಚ್ಚಿದ ಅಲಗು ತಡೆದು ನಿಲ್ಲುತ್ತದೆಯೇ ಎಂದು ಪರೀಕ್ಷಿಸಲಿ.

ಈಗ ತಂದೆಯವರ ಚಾಕುವಿಗೆ ತಾತ ಹಿತ್ತಾಳೆಯ ತಡೆಯೊಂದನ್ನು ಕೂಡಿಸಿಕೊಟ್ಟಿದ್ದಾರೆ. ಪೆನ್ಸಿಲುಗಳನ್ನು ನಾವೇ ಹೆರೆಯುತ್ತೇವೆ. ಚಾಕು ಯಾರ ಕೈಗೂ ಹೋಗುವುದಿಲ್ಲ. ಆ ಹುಡುಗಿ ಮೂರು ವಾರಗಳ ಮೇಲೆ ಬಂದಳು. ಪೆನ್ಸಿಲನ್ನು ಮೇಜಿನ ಅಂಚಿನಲ್ಲಿಟ್ಟು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಂತಳು.